ಜೋಡಿಯಿಲ್ಲದೆ ಪೈಲ್ವಾನನಿಲ್ಲ

ಮಿಶ್ರ ಸಮರಕಲೆಯ ಕಾದಾಟಗಾರರಲ್ಲಿ ಬೆರಳೆಣಿಕೆಯ ಕೆಲವರು ಮಾತ್ರ ಯಾಕೆ ಮನೆಮಾತಾಗುತ್ತಾರೆ ಎಂದು ಯಾರನ್ನು ಕೇಳಿದರೂ ಈಗ ಒಂದೇ ಉತ್ತರ: ಬಾಯಿ. ಎದುರಾಳಿಯನ್ನು ಹೀಯಾಳಿಸಬೇಕು, ಪತ್ರಿಕಾಗೋಷ್ಠಿಯಲ್ಲಿ ಮೇಜಿನ ಮೇಲೆ ಕಾಲಿಡಬೇಕು, ಬೆಲೆಬಾಳುವ ಸೂಟು ಹಾಕಬೇಕು, ದಿನಕ್ಕೆರಡು ರೀಲ್ಸ್ ಬಿಡಬೇಕು. ಕಾನರ್ ಮೆಕ್‌ಗ್ರೆಗರ್ ಹಾಗೆ ಮಾಡಿ ಕೋಟ್ಯಧೀಶನಾದನಂತೆ. ಡಿಮಿಟ್ರಿಯಸ್ ಜಾನ್ಸನ್ ಹಾಗೆ ಮಾಡದೆ, ಸತತ 11 ಸಲ ಪಟ್ಟ ಉಳಿಸಿಕೊಂಡೂ ಮೂಲೆಗುಂಪಾದನಂತೆ. ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ, ನಂಜನಗೂಡು ರಸ್ತೆ ಹಿಡಿದು ಮೈಸೂರಿನ ಜಿಮ್ಮುಗಳಿಗೆ ಹೋಗಿ ಬೆವರು ಸುರಿಸುವ ಹುಡುಗರಿಗೂ ಇದೇ ಉಪದೇಶ ಸಿಗುತ್ತಿದೆ. ಪಟ್ಟು ಆಮೇಲೆ ಕಲಿ, ಮೊದಲು ಫಾಲೋವರ್ಸ್ ಮಾಡಿಕೋ ಎನ್ನುತ್ತಾರೆ.

ಇದು ತಪ್ಪು ಮಾತು. ಬೈಗುಳ ಸಭ್ಯತೆಗೆ ಒಪ್ಪುವುದಿಲ್ಲ ಎಂಬ ಕಾರಣಕ್ಕೆ ನಾನು ಇದನ್ನು ವಿರೋಧಿಸುತ್ತಿಲ್ಲ. ಆ ಆಟದ ಮೂವತ್ತು ವರ್ಷಗಳ ದಾಖಲೆಯನ್ನು ತೆಗೆದು ನೋಡಿದರೆ ಈ ವಾದ ನಿಲ್ಲುವುದೇ ಇಲ್ಲ. ಜೊತೆಗೆ, ಇದನ್ನು ನಂಬಿದವರು ನಮ್ಮ ಕಣ್ಣೆದುರಿನ ಮೈಸೂರಿನ ಕುಸ್ತಿಯನ್ನೇ ಸರಿಯಾಗಿ ನೋಡಿಲ್ಲ.

ದಸರಾ ಕುಸ್ತಿಗೆ ಮುನ್ನ ದೊಡ್ಡಕೆರೆ ಮೈದಾನದಲ್ಲಿ ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಕುಸ್ತಿಯಷ್ಟೇ ಮುಖ್ಯವಾದ ದಿನ ಅದು. ಗರಡಿ ಗರಡಿಗಳಿಂದ ಉಸ್ತಾದರು ತಮ್ಮ ಪೈಲ್ವಾನರನ್ನು ಕರೆತರುತ್ತಾರೆ. ಹೆಸರು ಬರೆಸುತ್ತಾರೆ, ತೂಕ ನೋಡುತ್ತಾರೆ. ಆಮೇಲೆ ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಹಿರಿಯರು ಅವರ ಭುಜ, ಕತ್ತು, ತೊಡೆ ನೋಡುತ್ತಾರೆ. ಕಳೆದ ವರ್ಷ ಯಾರ ಜೊತೆ ಆಡಿದ್ದ, ಯಾವ ಜಾತ್ರೆಯಲ್ಲಿ ಯಾರನ್ನು ಚಿತ್ ಮಾಡಿದ್ದ, ಯಾರಿಗೆ ಸೋತಿದ್ದ ಎಂಬುದೆಲ್ಲ ಅವರ ಬಾಯಲ್ಲೇ ಇರುತ್ತದೆ. 'ನಮ್ಮ ಹುಡುಗನಿಗೆ ಇವನು ಭಾರ' ಎಂದು ಒಬ್ಬ ಉಸ್ತಾದ್ ತಲೆಯಾಡಿಸಿದರೆ ಮುಗಿಯಿತು, ಬೇರೆ ಜೋಡಿ ಹುಡುಕಬೇಕು. ಒಪ್ಪಿಗೆಯಾದರೆ ಇಬ್ಬರೂ ಕೈ ಕೂಡಿಸುತ್ತಾರೆ. ಹೀಗೆ ನೂರಾರು ಜೋಡಿಗಳು ಕಟ್ಟಿಕೊಳ್ಳುತ್ತವೆ. ಜೋಡಿ ಸರಿಯಾಗಿ ಬಿದ್ದ ಸುದ್ದಿ ಅಂದು ಸಂಜೆಯೊಳಗೆ ಗರಡಿಗಳಿಗೆ ಮುಟ್ಟಿರುತ್ತದೆ. ಇಂಥವನ ಮೇಲೆ ಇಂಥವನು ಬಿದ್ದಿದ್ದಾನೆ ಎಂದು ಕೇಳಿದ ಜನ ಆ ಕುಸ್ತಿಗಾಗಿಯೇ ಕಾಯುತ್ತಾರೆ. ಇದರಲ್ಲಿ ಎಲ್ಲಿಯೂ ಪೈಲ್ವಾನ್ ಬಾಯಿ ಬಿಟ್ಟಿಲ್ಲ.

ಇನ್ನೊಂದನ್ನೂ ಗಮನಿಸಬೇಕು. ಅಖಾಡಕ್ಕೆ ಕರೆಯುವಾಗ ಧ್ವನಿವರ್ಧಕದಲ್ಲಿ ಪೈಲ್ವಾನನ ಹೆಸರು ಒಂಟಿಯಾಗಿ ಬರುವುದಿಲ್ಲ. ಊರಿನ ಹೆಸರೋ ಗರಡಿಯ ಹೆಸರೋ ಜೊತೆಗಿರುತ್ತದೆ, ಎಷ್ಟೋ ಸಲ ಉಸ್ತಾದರ ಹೆಸರೂ ಇರುತ್ತದೆ. ಕಡಕೊಳದಂಥ ಊರಿನ ಹೆಸರು ಹಾಗೆ ಕೇಳಿಬಂದರೆ, ಕುಸ್ತಿಯ ಗಂಧಗಾಳಿ ಇಲ್ಲದವನೂ ಎದ್ದು ನಿಲ್ಲುತ್ತಾನೆ. ಆ ಹುಡುಗ ಯಾರೆಂದು ಅವನಿಗೆ ಗೊತ್ತಿಲ್ಲದಿರಬಹುದು. ಆದರೆ ಆ ಕ್ಷಣದಿಂದ ಸೋಲು ಗೆಲುವಿನಲ್ಲಿ ಅವನದೂ ಪಾಲಿದೆ. ಅದೇ ತಾರೆಯ ಹುಟ್ಟು. ನೋಡುವವನಿಗೆ ಪಾಲಿರಬೇಕು, ಆ ಪಾಲು ನಿಜವಾಗಿಯೂ ಕಳೆದುಹೋಗಬಹುದು ಎನ್ನಿಸುವಂಥ ಸರಿಜೋಡಿ ಎದುರಿಗಿರಬೇಕು. ಇವೆರಡು ಕೂಡಿದರೆ ಮೂಕನೂ ತಾರೆಯಾಗುತ್ತಾನೆ. ಕೂಡದಿದ್ದರೆ ಎಷ್ಟು ಅರಚಿದರೂ ವ್ಯರ್ಥ.

ಈಗ ಮೆಕ್‌ಗ್ರೆಗರ್ ಕಥೆಗೆ ಬರೋಣ, ಏಕೆಂದರೆ ಎದುರು ಪಕ್ಷದವರ ದೊಡ್ಡ ಸಾಕ್ಷಿ ಅವನೇ. ಪ್ಲಂಬಿಂಗ್ ಕೆಲಸ ಕಲಿಯುತ್ತಿದ್ದ ಡಬ್ಲಿನ್ನಿನ ಹುಡುಗ. ಬಾಯಿ ಜೋರು, ಒಪ್ಪುತ್ತೇನೆ. ಆದರೆ ಲೋಕ ಅವನ ಮಾತು ಕೇಳುವ ಮೊದಲೇ ಡಬ್ಲಿನ್ ಅವನನ್ನು ತನ್ನವನೆಂದು ಎತ್ತಿಕೊಂಡಾಗಿತ್ತು. 2012ರಲ್ಲೇ ಅವನು ಕೇಜ್ ವಾರಿಯರ್ಸ್ ಎಂಬ ಸಂಸ್ಥೆಯಲ್ಲಿ ಎರಡು ತೂಕಗಳ ಪಟ್ಟ ಗೆದ್ದಿದ್ದ. 2014ರ ಜುಲೈನಲ್ಲಿ ಈ ಆಟದ ದೊಡ್ಡ ಸಂಸ್ಥೆಯಾದ ಯುಎಫ್‌ಸಿ ಡಬ್ಲಿನ್ನಿಗೆ ಬಂದು ಅವನನ್ನೇ ಮುಖ್ಯ ಕಾದಾಟಕ್ಕೆ ಇಳಿಸಿತು. ಮುಂದೆ ಅವನು ಅಮೆರಿಕದಲ್ಲಿ ಆಡಿದಾಗಲೆಲ್ಲ ಐರಿಷ್ ಬಾವುಟ ಹೊತ್ತ ಜನ ಸಾಗರ ದಾಟಿ ಹೋದರು. ಇನ್ನು ಎದುರಾಳಿಗಳನ್ನು ನೋಡಿ. ಜೋಸೆ ಆಲ್ಡೊ ಹತ್ತು ವರ್ಷ ಸೋಲನ್ನೇ ಕಾಣದ ದೊರೆ. ಅವನನ್ನು 2015ರ ಡಿಸೆಂಬರ್ 12ರಂದು 13 ಸೆಕೆಂಡಿನಲ್ಲಿ ಕೆಡವಿದ್ದರಿಂದ ಮೆಕ್‌ಗ್ರೆಗರ್ ಮೆಕ್‌ಗ್ರೆಗರ್ ಆದ. ಅಂದು ಆಲ್ಡೊ ಗೆದ್ದಿದ್ದರೆ, ಅದುವರೆಗೆ ಆಡಿದ ಮಾತೆಲ್ಲ ಅವನನ್ನೇ ನಗೆಪಾಟಲು ಮಾಡುತ್ತಿತ್ತು.

2016ರ ಮಾರ್ಚ್‌ನಲ್ಲಿ ನೇಟ್ ಡಯಾಜ್ ಅವನ ಕತ್ತು ಹಿಸುಕಿ ಸೋಲಿಸಿದ. ಬಾಯಿಯೇ ಬಂಡವಾಳವೆನ್ನುವವರ ಲೆಕ್ಕದಲ್ಲಿ ಅಂದೇ ಅಂಗಡಿ ಮುಚ್ಚಬೇಕಿತ್ತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಇಬ್ಬರೂ ಮತ್ತೆ ಎದುರಾದಾಗ ಜನ ಇನ್ನೂ ಹೆಚ್ಚು ಮುಗಿಬಿದ್ದರು. ಐದು ಸುತ್ತು ನಡೆದು, ತೀರ್ಪುಗಾರರ ಕೈಯಲ್ಲಿ ಮೆಕ್‌ಗ್ರೆಗರ್ ಕೂದಲೆಳೆಯಲ್ಲಿ ಗೆದ್ದ. ಅಲ್ಲಿಗೆ ಲೆಕ್ಕ ಒಂದಕ್ಕೊಂದು. ಆ ಎರಡು ಕಾದಾಟಗಳಿಂದ ಮೆಕ್‌ಗ್ರೆಗರ್ ಎಷ್ಟು ಬೆಳೆದನೋ ಸ್ಟಾಕ್‌ಟನ್ನಿನ ಡಯಾಜ್ ಕೂಡ ಅಷ್ಟೇ ಬೆಳೆದ. ಅವರಿಬ್ಬರೂ ಜೋಡಿ. ಒಬ್ಬನನ್ನು ತೆಗೆದರೆ ಇನ್ನೊಬ್ಬ ಅಷ್ಟು ಎತ್ತರದಲ್ಲಿ ಕಾಣುವುದಿಲ್ಲ.

ಆಮೇಲೆ ಬಂದದ್ದು 2018ರ ಅಕ್ಟೋಬರ್ 6. ಖಬೀಬ್ ನುರ್ಮಗೊಮೆದೊವ್ ಮತ್ತು ಮೆಕ್‌ಗ್ರೆಗರ್. ಹಣ ಕೊಟ್ಟು ಮನೆಯಲ್ಲಿ ನೋಡಿದವರ ಖರೀದಿ ಸುಮಾರು 24 ಲಕ್ಷ. ಈ ಆಟದಲ್ಲಿ ಅಷ್ಟು ದೊಡ್ಡ ಮಾರಾಟ ಅದುವರೆಗೆ ಆಗಿರಲಿಲ್ಲ. 'ನೋಡಿ, ಮೆಕ್‌ಗ್ರೆಗರ್ ಬೈದ, ಖಬೀಬ್ ಕೂತಿದ್ದ ಬಸ್ಸಿಗೆ ಟ್ರಾಲಿ ಎಸೆದ, ಅದಕ್ಕೇ ಮಾರಾಟವಾಯಿತು' ಎನ್ನುತ್ತಾರೆ. ಒಂದು ಕೈಯಿಂದ ಚಪ್ಪಾಳೆಯಾಗುತ್ತದೆಯೇ? ಎದುರಿಗೆ ನಿಂತವನು ಯಾರು? ಡಾಗೆಸ್ತಾನದ ಬೆಟ್ಟದ ಹಳ್ಳಿಯವನು. ತಂದೆ ಅಬ್ದುಲ್‌ಮನಾಪನೇ ಅವನ ಉಸ್ತಾದ್. ಅಂದಿಗೆ ಆಡಿದ್ದು 26, ಸೋತದ್ದು ಸೊನ್ನೆ. ತಲೆಯ ಮೇಲೆ ಕುರಿಯುಣ್ಣೆಯ ಟೋಪಿ, ಎಣಿಸಿದಷ್ಟು ಮಾತು. ಕಾಕಸಸ್ ಪ್ರಾಂತದಿಂದ ಹಿಡಿದು ಅರಬ್ ದೇಶಗಳವರೆಗೆ ಕೋಟ್ಯಂತರ ಜನ ಅವನಲ್ಲಿ ತಮ್ಮ ಪಾಲನ್ನು ಕಂಡಿದ್ದರು. ನಾಲ್ಕನೇ ಸುತ್ತಿನಲ್ಲಿ ಮೆಕ್‌ಗ್ರೆಗರ್ ಕೈತಟ್ಟಿ ಸೋಲೊಪ್ಪಿದ. ಕಾದಾಟ ಮುಗಿದ ಮೇಲೆ ಖಬೀಬ್ ಬೇಲಿ ಹಾರಿ ಎದುರಾಳಿಯ ತಂಡದವರ ಮೇಲೆ ಬಿದ್ದದ್ದು ತಪ್ಪು, ಅದಕ್ಕೆ ಅವನು ದಂಡವನ್ನೂ ನಿಷೇಧವನ್ನೂ ಅನುಭವಿಸಿದ. ಆದರೆ ಅವನ ತಂದೆ, ಧರ್ಮ, ನಾಡನ್ನು ಹಿಡಿದು ಆಡಿದ ಮಾತುಗಳೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದವು. ಎರಡು ವರ್ಷದ ನಂತರ, 2020ರಲ್ಲಿ, 29 ಗೆಲುವು ಸೊನ್ನೆ ಸೋಲಿನೊಂದಿಗೆ ನಿವೃತ್ತನಾದಾಗ ಆ ಮಿತಭಾಷಿ ಜಗತ್ತಿನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬನಾಗಿದ್ದ. ಬಾಯಿಯ ಸಿದ್ಧಾಂತದವರು ಖಬೀಬನನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ?

ಬಾಯಿ ಇದ್ದೂ ಆ ಎತ್ತರಕ್ಕೆ ಏರದವರ ಕಡೆಗೆ ಇವರು ನೋಡುವುದೇ ಇಲ್ಲ. ಕೋಲ್ಬಿ ಕೋವಿಂಗ್‌ಟನ್ 2017ರಲ್ಲಿ ಬ್ರೆಜಿಲ್‌ನಲ್ಲಿ ಗೆದ್ದು, ಆ ನಾಡಿನ ಪ್ರೇಕ್ಷಕರನ್ನೇ ತುಚ್ಛವಾಗಿ ಬೈದು ಹೆಸರು ಮಾಡಲು ಹೊರಟ. ಮುಂದೆ ಪ್ರತಿ ಎದುರಾಳಿಯನ್ನೂ ಬೈದ. ಮುಖ್ಯ ಪಟ್ಟಕ್ಕಾಗಿ ಮೂರು ಸಲ ಆಡಿ ಮೂರು ಸಲವೂ ಸೋತ. ಅವನ ಹೆಸರು ಎಲ್ಲರಿಗೂ ಗೊತ್ತು, ಅವನನ್ನು ನಮ್ಮವನು ಎನ್ನುವ ಊರು ಮಾತ್ರ ಹುಟ್ಟಲಿಲ್ಲ. ಕುಖ್ಯಾತಿಯನ್ನೂ ಜನಪ್ರೀತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಡಿಮಿಟ್ರಿಯಸ್ ಜಾನ್ಸನ್ ವಿಷಯ ಇದಕ್ಕಿಂತ ಕಠಿಣ, ಅದನ್ನು ಜಾರಿಸಿಬಿಡಲಾಗದು. 2012ರಲ್ಲಿ 125 ಪೌಂಡ್ ತೂಕದ ಪಟ್ಟ ಗೆದ್ದು 2017ರವರೆಗೆ ಸತತ 11 ಸಲ ಉಳಿಸಿಕೊಂಡ. ಕೊನೆಯ ಸಲ ರೇ ಬೋರ್ಗ್‌ನನ್ನು ಗಾಳಿಯಲ್ಲಿ ಎತ್ತಿ ಒಗೆಯುತ್ತಲೇ ಅವನ ತೋಳನ್ನು ಲಾಕ್ ಮಾಡಿದ. ಅಂಥ ಪಟ್ಟನ್ನು ನೋಡಿದ ಯಾವ ಗರಡಿಯವನೂ ಎದ್ದು ನಿಂತು ಶಹಬ್ಬಾಸ್ ಅನ್ನದೆ ಇರಲಾರ. ಆದರೂ ಅವನ ಕಾದಾಟಗಳಿಗೆ ಟಿಕೆಟ್ ಮಾರಾಟ ಮಂದ. ಅವನಿಗೆ ಬಾಯಿ ಇರಲಿಲ್ಲ ಎಂದು ಷರಾ ಬರೆದು ಎಲ್ಲರೂ ಕೈತೊಳೆದುಕೊಂಡರು. ನಾನು ಹೇಳುವುದು, ಅವನಿಗೆ ಜೋಡಿ ಇರಲಿಲ್ಲ. ಐದು ವರ್ಷ ನೋಡುವವರಿಗೆ ಫಲಿತಾಂಶ ಮೊದಲೇ ಗೊತ್ತಿತ್ತು. 2016ರಲ್ಲಿ ಒಲಿಂಪಿಕ್ ಚಿನ್ನದ ಕುಸ್ತಿಪಟು ಹೆನ್ರಿ ಸೆಹೂಡೊನನ್ನೂ ಅವನು ಮೊದಲ ಸುತ್ತಿನಲ್ಲೇ ಮುಗಿಸಿದ್ದ. ಅದೇ ಸೆಹೂಡೊ ತಾಲೀಮು ಮಾಡಿಕೊಂಡು ಬಂದು 2018ರ ಆಗಸ್ಟ್‌ನಲ್ಲಿ ಕೂದಲೆಳೆಯ ಅಂತರದಲ್ಲಿ ಪಟ್ಟ ಕಿತ್ತುಕೊಂಡ. ಲೆಕ್ಕ ಒಂದಕ್ಕೊಂದಾಯಿತು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೊಂದು ಜೋಡಿ ಕಟ್ಟಿಕೊಂಡಿತ್ತು. ಮೂರನೇ ಕಾದಾಟ ಇಡುವ ಬದಲು ಯುಎಫ್‌ಸಿ ಅದೇ ಅಕ್ಟೋಬರ್‌ನಲ್ಲಿ ಸಿಂಗಪುರದ ಒನ್ ಸಂಸ್ಥೆಯಿಂದ ಬೆನ್ ಆಸ್ಕ್ರೆನ್‌ನನ್ನು ತೆಗೆದುಕೊಂಡು ಜಾನ್ಸನ್‌ನನ್ನು ಅಲ್ಲಿಗೆ ಕೊಟ್ಟುಬಿಟ್ಟಿತು. ಬೆಂಕಿ ಹತ್ತಿದ ಹೊತ್ತಿಗೆ ನೀರು ಸುರಿದರು.

ಮುಂದೆ ಏನಾಯಿತು ಎಂಬುದನ್ನು ಬಾಯಿಯ ವಾದ ಮಾಡುವವರು ಹೇಳುವುದಿಲ್ಲ. ಸಿಂಗಪುರದಲ್ಲಿ 2021ರ ಏಪ್ರಿಲ್‌ನಲ್ಲಿ ಬ್ರೆಜಿಲ್ಲಿನ ಆಡ್ರಿಯಾನೊ ಮೊರೆಸ್ ಮಂಡಿಯೇಟಿನಿಂದ ಜಾನ್ಸನ್‌ನನ್ನು ಮಲಗಿಸಿದ. 2022ರ ಆಗಸ್ಟ್‌ನಲ್ಲಿ ಜಾನ್ಸನ್ ಮಂಡಿಯೇಟಿನಿಂದಲೇ ಅವನನ್ನು ಮಲಗಿಸಿದ. ಮೂರನೆಯದನ್ನು 2023ರ ಮೇ 5ರಂದು ಕೊಲರಾಡೊದಲ್ಲಿ ಇಟ್ಟರು. ಒನ್ ಸಂಸ್ಥೆ ಅಮೆರಿಕದ ನೆಲದಲ್ಲಿ ನಡೆಸಿದ ಮೊದಲ ಪಂದ್ಯಾವಳಿ ಅದು, ಅದರ ಮುಖ್ಯ ಕಾದಾಟ ಈ ಮೂವತ್ತಾರು ವರ್ಷದ ಮೃದುಮಾತಿನ ಮನುಷ್ಯನದು. ಅವನು ಬೈಯುವುದನ್ನು ಕಲಿತಿರಲಿಲ್ಲ. ಅವನಿಗೆ ಜೋಡಿ ಸಿಕ್ಕಿತ್ತು.

ಜಪಾನಿನ ಕಝುಶಿ ಸಕುರಾಬಾ ಕಥೆಯನ್ನು ನಮ್ಮ ಗರಡಿಯವರಿಗೆ ಹೇಳಿದರೆ ವಿವರಣೆಯೇ ಬೇಕಾಗುವುದಿಲ್ಲ. ಅವನ ಹಿರಿಯ ನೊಬುಹಿಕೊ ತಕಾಡಾ ಬ್ರೆಜಿಲ್ಲಿನ ರಿಕ್ಸನ್ ಗ್ರೇಸಿಗೆ 1997ರಲ್ಲಿ ಸೋತ, ಮರುವರ್ಷ ಮತ್ತೆ ಸೋತ. ಗ್ರೇಸಿ ಮನೆತನದವರನ್ನು ಮುಟ್ಟಲು ಯಾರಿಂದಲೂ ಆಗದು ಎಂಬ ಕಾಲ. 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯನ್ನೇ ಅದೇ ಮನೆಯ ರಾಯ್ಸ್ ಗೆದ್ದಿದ್ದ. ಉಸ್ತಾದ್ ಸೋತ ಮನೆತನದ ಮೇಲೆ ಶಿಷ್ಯ ಇಳಿದ. 1999ರಲ್ಲಿ ರಾಯ್ಲರ್, 2000ದಲ್ಲಿ ರಾಯ್ಸ್, ರೆಂಝೊ, ರಯಾನ್ ಹೀಗೆ ನಾಲ್ವರು ಗ್ರೇಸಿಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಸೋಲಿಸಿದ. 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ರಾಯ್ಸ್ ಜೊತೆ 15 ನಿಮಿಷಗಳ ಆರು ಸುತ್ತು, ಒಟ್ಟು ಒಂದೂವರೆ ಗಂಟೆ ಕಾದಾಡಿದ. ಕೊನೆಗೆ ಗ್ರೇಸಿ ಕಡೆಯವರೇ ಟವೆಲ್ ಎಸೆದರು. ನಮ್ಮಲ್ಲಿ ಒಬ್ಬ ಚಿತ್ ಆಗುವವರೆಗೂ ನಡೆಯುವ ಮಾರ್ಫಿಟ್ ಕುಸ್ತಿಗೆ ಜನ ಹೊಟ್ಟೆ ಹಸಿವು ಮರೆತು ಕೂರುವ ಹಾಗೆ ಅಲ್ಲಿ ಜಪಾನ್ ಕೂತಿತ್ತು. ಅವನು ತಾರೆಯಾದದ್ದು ಗರಡಿಯ ಋಣ ತೀರಿಸಿದ್ದರಿಂದ.

ರಕ್ತ ಹರಿದರೆ ತಾರೆ ಹುಟ್ಟುತ್ತಾನೆ ಎನ್ನುವವರೂ ಇದ್ದಾರೆ. ಅವರಿಗೆ ಉತ್ತರ ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿದೆ. ವಿಜಯದಶಮಿಯ ಬೆಳಗ್ಗೆ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಹಿಡಿದು ಅಲ್ಲಿ ಕಾದುತ್ತಾರೆ. ಯಾರಿಗೇ ಆಗಲಿ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಕಾಳಗ ನಿಲ್ಲುತ್ತದೆ, ಕ್ಷಣಗಳಲ್ಲಿ ಎಲ್ಲ ಮುಗಿದಿರುತ್ತದೆ. ಮೈಸೂರಿನವರೆಲ್ಲರಿಗೂ ವಜ್ರಮುಷ್ಟಿ ಗೊತ್ತು, ಕಳೆದ ವರ್ಷ ಕಾದಿದ ಜಟ್ಟಿಯ ಹೆಸರು ಎಷ್ಟು ಜನಕ್ಕೆ ನೆನಪಿದೆ? ಅದು ಪೂಜೆಯ ಭಾಗ, ಯಾರು ಗೆದ್ದರೆಂಬುದು ಅಲ್ಲಿ ಮುಖ್ಯವೇ ಅಲ್ಲ. ಆದ್ದರಿಂದ ಅಷ್ಟು ಭಯಂಕರವಾದ ಕಾಳಗವೂ ಒಬ್ಬ ತಾರೆಯನ್ನು ಹುಟ್ಟಿಸುವುದಿಲ್ಲ, ಹುಟ್ಟಿಸಬೇಕಾಗಿಯೂ ಇಲ್ಲ.

ಸವಾಲು ಹಾಕುವುದೂ ಬಾಯಿಯ ಕೆಲಸವಲ್ಲವೇ, ಗಾಮಾ ಪೈಲ್ವಾನನೂ ಹಾಕಿದ್ದನಲ್ಲ ಎಂದು ಕೇಳಬಹುದು. ಹಾಕಿದ್ದ. 1910ರಲ್ಲಿ ಲಂಡನ್ನಿಗೆ ಹೋದಾಗ ಕುಳ್ಳನೆಂದು ಅವನನ್ನು ಪಂದ್ಯಕ್ಕೆ ಸೇರಿಸಿಕೊಳ್ಳಲಿಲ್ಲ, ಅದಕ್ಕೇ ಬಹಿರಂಗ ಸವಾಲು ಹಾಕಬೇಕಾಯಿತು. ಸವಾಲೆಂದರೆ ಜೋಡಿ ಕೊಡಿ ಎಂದು ಕೇಳುವುದು. ಎದುರಾಳಿಯ ತಾಯಿ ತಂದೆಯನ್ನು ಎಳೆದು ತರುವುದಲ್ಲ. ಸೆಪ್ಟೆಂಬರ್ 10ರಂದು ಅವನು ಪೋಲೆಂಡಿನ ಜಿಬಿಸ್ಕೊ ಜೊತೆ ಎರಡು ಗಂಟೆಗೂ ಮೀರಿ ಆಡಿದ. ಆ ಭಾರೀ ಆಳು ಹೆಚ್ಚಿನ ಹೊತ್ತು ಬೋರಲು ಬಿದ್ದುಕೊಂಡೇ ಕಾಲ ತಳ್ಳಿದ. ಮುಂದಿನ ವಾರಕ್ಕೆ ಮತ್ತೆ ಕರೆದರೆ ಬರಲೇ ಇಲ್ಲ, ಬೆಲ್ಟು ಗಾಮಾಗೆ ಬಂತು. ಉಳಿದುಹೋದ ಲೆಕ್ಕವನ್ನು ಹದಿನೆಂಟು ವರ್ಷದ ನಂತರ, 1928ರಲ್ಲಿ, ಪಟಿಯಾಲದಲ್ಲಿ ತೀರಿಸಿದರು. ಗಾಮಾ ಒಂದು ನಿಮಿಷದೊಳಗೆ ಗೆದ್ದ. ಹದಿನೆಂಟು ವರ್ಷ ಜನ ಆ ಜೋಡಿಯನ್ನು ಮರೆತಿರಲಿಲ್ಲ.

ನಮ್ಮದೇ ನಾಡಿನ ದೊಡ್ಡ ಜಟ್ಟಿಕಥೆಯೂ ಇದನ್ನೇ ಹೇಳುತ್ತದೆ. ತಿರುಚಿನಾಪಳ್ಳಿಯ ಜಟ್ಟಿಯೊಬ್ಬ ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿ, ಬಂದವರೆಲ್ಲ ಅದರಡಿ ನುಸುಳಿ ಹೋಗುವಂತೆ ಮಾಡಿದ್ದನಂತೆ. ಇನ್ನೂ ಮೈಸೂರಿನ ಪಟ್ಟಕ್ಕೆ ಬಾರದ ಕಂಠೀರವ ನರಸರಾಜರು ವೇಷ ಮರೆಸಿಕೊಂಡು ಹೋಗಿ, ಅವನನ್ನು ಕಾದಾಟದಲ್ಲಿ ಮುಗಿಸಿ, ಹೆಸರು ಹೇಳದೆ, ಸನ್ಮಾನಕ್ಕೂ ನಿಲ್ಲದೆ ಹಿಂದಿರುಗಿದರಂತೆ. ಅವರು ಆಳಿದ್ದು 1638ರಿಂದ 1659ರವರೆಗೆ. ಮುನ್ನೂರು ವರ್ಷ ದಾಟಿದ ಮೇಲೆ, 1960ರಲ್ಲಿ, ರಾಜ್‌ಕುಮಾರ್ ಅವರೇ ಆ ಪಾತ್ರಧಾರಿಯಾಗಿ 'ರಣಧೀರ ಕಂಠೀರವ' ಚಿತ್ರ ಬಂತು. ಚಲ್ಲಣ ಕಟ್ಟಿ ಮೆರೆದವನ ಹೆಸರು ಮೈಸೂರಿನಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನು ಇಂದಿನ ಭಾರತದ ಮಾತು. ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಫೆಬ್ರವರಿಯಲ್ಲಿ ಯುಎಫ್‌ಸಿ ಒಪ್ಪಂದ ಗೆದ್ದಾಗ, ಭಾರತಕ್ಕೂ ಒಬ್ಬ ತಾರೆ ಸಿಕ್ಕ ಎಂದು ಎಲ್ಲರೂ ಬರೆದರು. ಅದೇ ಅಕ್ಟೋಬರ್‌ನಲ್ಲಿ ಮೈಕ್ ಬ್ರೀಡನ್‌ಗೆ ಸೋತ, 2025ರ ಫೆಬ್ರವರಿಯಲ್ಲಿ 19 ಸೆಕೆಂಡಿನಲ್ಲಿ ಸೋತ. ಮುಜಫ್ಫರ್‌ನಗರದ ಕಡೆಯ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು, 2025ರ ಮಾರ್ಚ್‌ನಲ್ಲಿ ಸೋತಳು. ಇಬ್ಬರಿಗೂ ಮಾರ್ಕೆಟಿಂಗ್ ಸಾಲದು ಎಂದು ಪಂಡಿತರು ಷರಾ ಬರೆದರು. ಅವರು ಆಡಿದ ಜಾಗಗಳನ್ನು ನೋಡಿ: ಜುಬ್ಲಿ ಲಾಸ್ ವೇಗಸ್, ಅಬುಧಾಬಿ, ಸಿಡ್ನಿ, ಪೂಜಾ ಲೂಯಿವಿಲ್, ಲಂಡನ್. ಐದು ಕಾದಾಟದಲ್ಲಿ ಒಂದೂ ಭಾರತದ ನೆಲದಲ್ಲಿಲ್ಲ, ಒಬ್ಬ ಎದುರಾಳಿಯ ಜೊತೆಗೂ ಹಳೆಯ ಲೆಕ್ಕವಿಲ್ಲ. ಹುಟ್ಟೂರಿನವನು ಫೋನಿನಲ್ಲಿ ನೋಡಬೇಕು, ಅದೂ ಕೆಲವೊಮ್ಮೆ ಅರೆನಿದ್ದೆಯಲ್ಲಿ. ಇಂಥ ಸ್ಥಿತಿಯಲ್ಲಿ ಯಾರ ಬಾಯಿ ಎಷ್ಟಿದ್ದರೇನು?

ಇದನ್ನು ಡಸ್ಟಿನ್ ಪೊಯರಿಯೆ ಜೊತೆ ಇಟ್ಟು ನೋಡಿ. ಲೂಯಿಸಿಯಾನದವನು, ಒರಟು ಮಾತಿಗೆ ಹೆಸರಾದವನಲ್ಲ. 2021ರಲ್ಲಿ ಮೆಕ್‌ಗ್ರೆಗರ್‌ನನ್ನು ಎರಡು ಸಲ ಸೋಲಿಸಿದವನು. 2025ರ ಜುಲೈ 19ರಂದು ಅವನ ಕೊನೆಯ ಕಾದಾಟವನ್ನು ಅವನದೇ ನಾಡಿನ ನ್ಯೂ ಆರ್ಲಿಯನ್ಸ್‌ನಲ್ಲಿ ಇಟ್ಟರು. ಎದುರಾಳಿ, 2012ರಲ್ಲೂ 2019ರಲ್ಲೂ ಅವನಿಗೆ ಸೋತಿದ್ದ ಹವಾಯಿಯ ಮ್ಯಾಕ್ಸ್ ಹಾಲೊವೇ. ಪೊಯರಿಯೆ ಸೋತ. ಊರಿನ ಜನ ಅವನನ್ನು ಗೆದ್ದವನಂತೆಯೇ ಬೀಳ್ಕೊಟ್ಟರು. ಆ ರಾತ್ರಿ ಅಲ್ಲಿ ಊರೂ ಇತ್ತು, ಹದಿಮೂರು ವರ್ಷದ ಜೋಡಿಯೂ ಇತ್ತು.

ಬಾಯಿಯ ಸಿದ್ಧಾಂತ ಬರೀ ತಪ್ಪಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ನಮ್ಮ ಹುಡುಗರನ್ನು ಹಾಳುಮಾಡುತ್ತಿದೆ. ಗೆಲ್ಲಲೆಂದೇ ಸುಲಭದ ಎದುರಾಳಿಯನ್ನು ಆರಿಸಿಕೊಳ್ಳುವುದು, ಸೋಲನ್ನು ಪೋಸ್ಟ್ ಮಾಡದೆ ಬಚ್ಚಿಡುವುದು, ಸೋಲಿಸಿದವನ ಹೆಸರನ್ನೇ ಎತ್ತದಿರುವುದು, ಜಾತಿ ಊರು ಹಿಡಿದು ಬೈದು ಅದನ್ನು ಪ್ರಚಾರ ಎನ್ನುವುದು ಎಲ್ಲ ಅದರ ಫಲ. ಗರಡಿಯಲ್ಲಿ ಸೋತವನು ಮುಂದಿನ ವರ್ಷ ಅದೇ ಜೋಡಿಯನ್ನು ಕೇಳಿಕೊಂಡು ಬರುತ್ತಾನೆ, ಜನ ಅವನಿಗಾಗಿಯೇ ಕಾಯುತ್ತಾರೆ. ರೀಲ್ಸಿನಲ್ಲಿ ಬೆಳೆದವನಿಗೆ ಮೊದಲ ಸೋಲೇ ಕೊನೆಯ ಸೋಲು.

ಆದ್ದರಿಂದ ಮೈಸೂರು ಸೀಮೆಯಲ್ಲಿ ಮಿಶ್ರ ಸಮರಕಲೆಯ ಪಂದ್ಯ ಏರ್ಪಡಿಸುವವರಲ್ಲಿ ನನ್ನ ಬೇಡಿಕೆ ಇಷ್ಟೆ. ದೊಡ್ಡಕೆರೆ ಮೈದಾನದಲ್ಲಿ ಉಸ್ತಾದರು ಮಾಡುವ ಹಾಗೆ ತೂಕ ನೋಡಿ, ಅನುಭವ ನೋಡಿ ಜೋಡಿ ಕಟ್ಟಿ. ಒಂದಕ್ಕೊಂದಾದ ಜೋಡಿಯನ್ನು ಮೂರನೇ ಸಲವೂ ಆಡಿಸಿ. ಪೋಸ್ಟರಿನಲ್ಲಿ ಇಂಗ್ಲಿಷ್ ಬಿರುದುಗಳ ಬದಲು ಊರಿನ ಹೆಸರನ್ನೂ ಕಲಿಸಿದವರ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿ. ಪಂಚತಾರಾ ಹೋಟೆಲಿನ ಸಭಾಂಗಣ ಬಿಟ್ಟು ವರ್ಷಕ್ಕೆ ಒಮ್ಮೆಯಾದರೂ ಕಡಕೊಳ, ನಂಜನಗೂಡು, ತಿ. ನರಸೀಪುರದಂಥ ಊರುಗಳಲ್ಲಿ ರಿಂಗು ಹಾಕಿ, ಕೆಲಸ ಮುಗಿಸಿ ಬಂದವರು ನಿಂತು ನೋಡಲಿ. ಎದುರಾಳಿಯ ಮನೆಯವರನ್ನು ಬೈದವನನ್ನು ಆ ಸಲದ ಪಟ್ಟಿಯಿಂದಲೇ ಕೈಬಿಡಿ.